ತಿಂಗಳಿಗೆ ನಾಲ್ಕು ದಿನ ಎಳೆಯುವ ಗಾಡಿ

ನಿರ್ಣಯ ಎರಡೇ ಸಾಲಿನದು. "ಕಂಪನಿಗೆ ಒಂದು ಪಿಕಪ್ ಗಾಡಿ ಕೊಳ್ಳುವುದು. ಡೀಸೆಲ್ ಗಾಡಿಯೋ ಗ್ಯಾಸ್ ಗಾಡಿಯೋ ಎಂಬುದನ್ನು ಸಿಇಒ ಪರಿಶೀಲಿಸಿ ವಾರದೊಳಗೆ ತಿಳಿಸುವುದು." ನಡಾವಳಿ ಪುಸ್ತಕದಲ್ಲಿ ಇದನ್ನು ಬರೆದವಳು ನಾನು. ಸಿಇಒ ಅಂದರೂ ನಾನೇ.

ನಮ್ಮದು ದೇವನಹಳ್ಳಿ ಸುತ್ತಿನ ಆರು ಊರುಗಳಲ್ಲಿ ಹಸು ಸಾಕುವವರು ಸೇರಿ ಕಟ್ಟಿಕೊಂಡ ರೈತರ ಕಂಪನಿ. ನಿರ್ಣಯ ಮಾಡಿದ ಸಭೆಯಲ್ಲಿ ಕೂತಿದ್ದವರಲ್ಲಿ ಗಾಡಿ ಓಡಿಸಲು ಬಾರದವಳು ನಾನೊಬ್ಬಳೇ, ಡಿಗ್ರಿ ಮುಗಿಸಿದವಳೂ ನಾನೊಬ್ಬಳೇ. ಮೊದಲನೆಯದನ್ನು ನಿರ್ದೇಶಕರು ದಿನಕ್ಕೆರಡು ಸಲ ನೆನಪಿಸುತ್ತಿದ್ದರು. ಎರಡನೆಯದನ್ನು ಯಾರೂ ನೆನಪಿಸುತ್ತಿರಲಿಲ್ಲ, ನಾನೇ ನೆನಪಿಟ್ಟುಕೊಂಡಿದ್ದೆ. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸಿನ ಆಚೆ ಕಾಲಿಟ್ಟವರು ನನಗಿಂತ ಮುಂಚೆ ಯಾರೂ ಇಲ್ಲ. ಬಿ.ಎಸ್ಸಿ. ಅಂಕಪಟ್ಟಿ ತಂದ ದಿನ ಅಪ್ಪ ಅದನ್ನು ತಲೆಕೆಳಗಾಗಿ ಹಿಡಿದು ಮೇಲಿಂದ ಕೆಳಗೆ ಪೂರ್ತಿ ನೋಡಿದ್ದರು. ಹಾಗಾಗಿ ಯಾರಾದರೂ "ಪರಿಶೀಲಿಸಿ" ಎಂದರೆ ನಾನು ನಿಜವಾಗಿಯೂ ಪರಿಶೀಲಿಸುತ್ತೇನೆ. ತೊಂದರೆ ಶುರುವಾದದ್ದೇ ಅಲ್ಲಿ.

ಗಾಡಿಗೆ ಎರಡು ಕೆಲಸ. ದಿನವೂ ಹಿಂಡಿ, ಬೂಸಾ ಚೀಲಗಳನ್ನು ಊರೂರಿಗೆ ಹಂಚಬೇಕು. ಎರಡು ಮೂರು ಕಿಲೋಮೀಟರಿಗೊಂದು ನಿಲುಗಡೆ, ನಿಂತಲ್ಲೆಲ್ಲ ಹತ್ತು ನಿಮಿಷ ಮಾತು. ಎರಡನೆಯದು, ಮೇವಿನ ಕಾಲದಲ್ಲಿ ತಿಂಗಳಿಗೆ ನಾಲ್ಕು ದಿನ ನಮ್ಮ ರಸಮೇವಿನ ಯಂತ್ರವನ್ನು ಒಂದು ಊರಿಂದ ಇನ್ನೊಂದು ಊರಿಗೆ ಎಳೆದೊಯ್ಯಬೇಕು. ಹಸಿ ಮುಸುಕಿನ ಜೋಳವನ್ನು ತೆನೆ ಸಮೇತ ಕತ್ತರಿಸಿ, ಗಾಳಿ ಉಳಿಯದಂತೆ ಒತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವ ಯಂತ್ರ ಅದು. ಎರಡು ಚಕ್ರದ ಟ್ರೈಲರ್ ಮೇಲೆ ಕೂರಿಸಿದ್ದಾರೆ. ಹೊಲದಲ್ಲಿ ನಿಲ್ಲಿಸಿ ಟ್ರಾಕ್ಟರಿನ ಹಿಂದೆ ತಿರುಗುವ ಶಾಫ್ಟ್‌ಗೆ ಜೋಡಿಸಿದರೆ ಕೆಲಸ ಮಾಡುತ್ತದೆ.

ಟ್ರಾಕ್ಟರೇ ಎಳೆಯಬಹುದಲ್ಲ ಅಂತ ನೀವು ಕೇಳುತ್ತೀರಿ. ಹಿಂದಿನ ವರ್ಷ ಹಾಗೇ ಮಾಡಿದ್ದೆವು. ಸದಸ್ಯರೊಬ್ಬರ ಟ್ರಾಕ್ಟರಿಗೆ ಯಂತ್ರ ಒಪ್ಪಿಸಿದೆವು. ಆತ ಮೊದಲು ತನ್ನ ಹೊಲ ಮುಗಿಸಿದ, ಆಮೇಲೆ ಅಣ್ಣನದು, ಆಮೇಲೆ ಮಾವನದು. ಉಳಿದ ಐದು ಊರಿನವರು ಕಚೇರಿಗೆ ಬಂದು ನನ್ನ ಮೇಜು ಗುದ್ದಿದರು. ಅಂದೇ ಒಂದು ನಿರ್ಣಯ ಆಯಿತು: ಇನ್ನು ಮೇಲೆ ಯಂತ್ರವನ್ನು ಯಾರ ಟ್ರಾಕ್ಟರಿಗೂ ಕೊಡಕೂಡದು, ಕಂಪನಿಯ ಗಾಡಿಯೇ ಎಳೆಯಬೇಕು. ಅದನ್ನು ಬರೆದವಳೂ ನಾನೇ.

ಈ ವರ್ಷ ಮುಸುಕಿನ ಜೋಳ ಬಿತ್ತಿಸಿದ್ದೂ ನಾನು. ಮನೆ ಮನೆಗೆ ಹೋಗಿ, "ಹಸಿ ತೆನೆ ಮಾರಬೇಡಿ, ರಸಮೇವು ಮಾಡಿಟ್ಟುಕೊಳ್ಳಿ, ಬೇಸಿಗೆಯಲ್ಲಿ ಹಸು ಬಡವಾಗಲ್ಲ" ಎಂದು ಹೇಳಿದ್ದೆ. ನಲ್ಲೂರಿನಲ್ಲಿ ನಾಲ್ಕು ಹಸು ಕಟ್ಟಿಕೊಂಡಿರುವ ಒಬ್ಬ ಹಿರಿಯ ಸದಸ್ಯೆ ಇದ್ದಾರೆ. ಪ್ರತಿ ವರ್ಷ ಹಸಿ ತೆನೆಯನ್ನು ಬೆಂಗಳೂರಿಗೆ ಕಳಿಸುತ್ತಿದ್ದವರು ನನ್ನ ಮಾತಿಗೆ ಬಿಟ್ಟರು. ರಸಮೇವಿಗೆ ಕಾಳು ಹಾಲುಗಾಳಾಗಿ ಇರಬೇಕು, ಗಟ್ಟಿಯಾಗುವುದರೊಳಗೆ ಕೊಯ್ಯಬೇಕು. ತಡವಾದರೆ ದಂಟು ಒಣಗಿ ಚೀಲದಲ್ಲಿ ಒತ್ತಿ ಕೂರುವುದಿಲ್ಲ, ಗಾಳಿ ಉಳಿದು ಬೂಷ್ಟು ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಹಸಿ ತೆನೆ ಕೊಳ್ಳುವವರೂ ಇರುವುದಿಲ್ಲ. ಎರಡೂ ಹೋದಂತೆ. ಪಿಕಪ್ ಕೊಳ್ಳುವ ನಿರ್ಣಯ ಆದ ದಿನ ಲೆಕ್ಕ ಹಾಕಿದೆ. ನಲ್ಲೂರಿನ ಜೋಳಕ್ಕೆ ಇನ್ನು ಹೆಚ್ಚೆಂದರೆ ಹದಿನೈದು ದಿನ. ಉಳಿದ ಊರುಗಳದು ಅದರ ಹಿಂದೆಯೇ ಸಾಲಾಗಿ ಬರುತ್ತಿತ್ತು.

ಅಧ್ಯಕ್ಷರದು ಡೀಸೆಲ್ ಪಕ್ಷ. "ಎಳೆಯೋ ಕೆಲ್ಸಕ್ಕೆ ಡೀಸೆಲ್ಲೇ ಕಣಮ್ಮ. ಇದ್ರಲ್ಲಿ ನೋಡೋದೇನೈತೆ?" ಎಂದು ಮೊದಲ ದಿನವೇ ಮುಗಿಸಿದರು. ಅವರ ಎದುರು ಕೂರುವ ಇನ್ನೊಬ್ಬ ನಿರ್ದೇಶಕರದು ಗ್ಯಾಸ್ ಪಕ್ಷ. ಅವರ ಭಾಮೈದ ಗ್ಯಾಸ್ ಪಿಕಪ್ ಇಟ್ಟಿದ್ದಾನೆ ಎಂಬುದು ಬಿಟ್ಟರೆ ಬೇರೆ ಕಾರಣವೇನೂ ಅವರಲ್ಲಿರಲಿಲ್ಲ. "ನಮ್ ಭಾಮೈದ್ನ ಗಾಡಿ ಸದ್ದೇ ಬರಲ್ಲ ಮೇಡಂ. ಮನೇಲಿ ಫ್ಯಾನ್ ತಿರುಗ್ದಂಗೆ."

"ಫ್ಯಾನ್ ಮಿಷನ್ ಎಳೀತದೇನಯ್ಯ?" ಅಂದರು ಅಧ್ಯಕ್ಷರು.

"ನಿನ್ ಡೀಸೆಲ್ ಗಾಡಿ ಊರಿಗೇ ಹೊಗೆ ಹಾಕ್ತದೆ, ಸೊಳ್ಳೆ ಓಡ್ಸಕ್ಕೆ ಇಟ್ಕೋ."

ಹೀಗೆ ಎರಡು ದಿನ ಹೋಯಿತು. ಮೂರನೆಯ ದಿನ ನಾನು ಷೋರೂಮಿಗೆ ಹೋದೆ. ಮಾರಾಟದ ಹುಡುಗ ಎರಡೂ ಬಗೆಯ ಗಾಡಿ ತೋರಿಸಿದ. ಟ್ರೈಲರ್ ಎಳೆಯುತ್ತದೆಯೇ ಎಂದು ಕೇಳಿದೆ.

"ಆನೆ ತರ ಎಳೆಯುತ್ತೆ ಮೇಡಂ."

"ಯಾವುದು?"

"ಎರಡೂ."

"ಎಷ್ಟು ಕೆಜಿ ತನಕ? ಬರೆದುಕೊಡ್ತೀರಾ?"

ಮ್ಯಾನೇಜರನ್ನು ಕೇಳಿ ಬರುತ್ತೇನೆಂದು ಒಳಗೆ ಹೋದವನು ಒಂದು ನೀರಿನ ಬಾಟಲಿ ಹಿಡಿದು ವಾಪಸು ಬಂದ. ಬರೆದುಕೊಡುವುದಕ್ಕೆ ಆಗುವುದಿಲ್ಲವಂತೆ. ಹಾಗಾದರೆ ಗಾಡಿಯ ಜೊತೆ ಕೊಡುವ ಪುಸ್ತಕ ಕೊಡಿ ಎಂದೆ. ಕೊಳ್ಳುವ ಮುಂಚೆ ಅದನ್ನು ಕೇಳಿದವರು ಇದುವರೆಗೆ ಯಾರೂ ಇಲ್ಲವೇನೋ, ಹುಡುಕಿ ಕೊಡಲು ಅರ್ಧ ಗಂಟೆ ಹಿಡಿಯಿತು. ಅಲ್ಲೇ ಕುರ್ಚಿಯಲ್ಲಿ ಕೂತು ಎರಡೂ ಗಾಡಿಗಳ ಪುಸ್ತಕ ಓದಿದೆ. ಎರಡರಲ್ಲೂ ಒಂದೇ ಮಾತು: ಮುಂದಿರುವ ಕೊಕ್ಕೆ ಗಾಡಿ ಕೆಟ್ಟಾಗ ಅದನ್ನು ಬೇರೆ ಗಾಡಿ ಎಳೆದೊಯ್ಯಲು. ಹಿಂದೆ ಟ್ರೈಲರ್ ಕಟ್ಟಲು ಈ ಗಾಡಿಗೆ ಅನುಮತಿ ಇಲ್ಲ. ಹೊರಗೆ ಕೊಕ್ಕೆ ಹಾಕಿಸಿಕೊಂಡರೆ ವಾರಂಟಿ ಇಲ್ಲ.

ಆ ಪುಟಗಳ ಫೋಟೊ ತೆಗೆದುಕೊಂಡು ಬಂದು ಅಧ್ಯಕ್ಷರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದರು. "ಪುಸ್ತಕದವ್ರು ಹಂಗೇ ಬರೀತಾರಮ್ಮ. ಪುಸ್ತಕ ಬಂದು ಮಿಷನ್ ಎಳೀತದಾ? ಶಾಮಿಯಾನದೋರು ಜನರೇಟರ್ ಎಳ್ಕಂಡು ತಿರುಗಲ್ವಾ? ಕಟ್ಟಿ ಎಳ್ಸಿ ನೋಡು, ಗೊತ್ತಾಗ್ತದೆ."

ಸರಿ, ಎಳೆಸಿಯೇ ನೋಡೋಣ ಅಂತ ತೀರ್ಮಾನಿಸಿದೆ. ಆದರೆ ಮೊದಲು ತೂಕ. ಯಂತ್ರದ ಫಲಕದ ಮೇಲೆ ಸಾವಿರದ ನೂರೈವತ್ತು ಕೆಜಿ ಎಂದಿತ್ತು. ನಮ್ಮ ಕಂಪನಿಯ ಚಾಲಕರಾಗಿ ಬರಲಿದ್ದವರು ಹದಿನೆಂಟು ವರ್ಷ ಬಗೆಬಗೆಯ ಗಾಡಿ ಓಡಿಸಿದ ಮನುಷ್ಯ. ಅವರು ತೂಗುವುದಕ್ಕಷ್ಟೇ ಅಂತ ಒಂದು ಬಾಡಿಗೆ ಟ್ರಾಕ್ಟರಿಗೆ ಕಟ್ಟಿ ಯಂತ್ರವನ್ನು ವೇಬ್ರಿಡ್ಜಿಗೆ ಒಯ್ದರು. ಚೀಟಿಯಲ್ಲಿ ಬಂದದ್ದು ಸಾವಿರದ ಆರುನೂರ ಇಪ್ಪತ್ತು. ಇನ್ನೊಮ್ಮೆ ತೂಗಿಸಿದೆ. ಅಷ್ಟೇ.

ಉಳಿದದ್ದು ಎಲ್ಲಿಂದ ಬಂತು ಅಂತ ಬಗ್ಗಿ ನೋಡಿದಾಗ ತಿಳಿಯಿತು. ನಮ್ಮ ಕಡೆ ಯಾವ ಸಾಮಾನು ಬಂದರೂ ಮೊದಲು ವೆಲ್ಡಿಂಗ್ ಅಂಗಡಿಗೆ ಹೋಗಿ "ಗಟ್ಟಿ" ಮಾಡಿಸಿಕೊಂಡು ಬರುವುದು ರೂಢಿ. ಹೊಸ ಗೇಟು, ಹೊಸ ನೇಗಿಲು, ಮಕ್ಕಳ ಸೈಕಲ್, ಯಾವುದೂ ಬಿಟ್ಟಿಲ್ಲ. ಯಂತ್ರ ಬಂದ ವಾರದಲ್ಲೇ ನಿರ್ದೇಶಕರು ನನಗೆ ಹೇಳದೆ ಟ್ರೈಲರಿನ ಹಿಂಭಾಗಕ್ಕೆ ದಪ್ಪ ಕಬ್ಬಿಣದ ತಗಡು, ಆಂಗ್ಲು, ಮೂರು ಜನ ನಿಲ್ಲುವಷ್ಟು ಅಗಲದ ಮೆಟ್ಟಿಲು ಹಾಕಿಸಿದ್ದರು.

"ಗಟ್ಟಿ ಇರ್ಲಿ ಅಂತ ಹಾಕ್ಸಿದ್ದು ಕಣಮ್ಮ," ಅಂದರು ಅಧ್ಯಕ್ಷರು ಫೋನಿನಲ್ಲಿ. "ನಿಂಗೆ ಅದು ಗೊತ್ತಾಗಲ್ಲ."

ತೂಕ ಹೆಚ್ಚಿದ್ದು ಒಂದು, ಹೆಚ್ಚಿದ ತೂಕವೆಲ್ಲ ಚಕ್ರದ ಹಿಂದಕ್ಕೆ ಬಿದ್ದದ್ದು ಇನ್ನೊಂದು. ಚಾಲಕರು ಗಾಡಿಗೆ ಕಟ್ಟುವ ಟ್ರೈಲರಿನ ಮೂತಿಯನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದರು. "ನೋಡಿ ಮೇಡಂ, ಇದು ಹಿಂಗೆ ಹಗುರ ಇದ್ರೆ ರೋಡಲ್ಲಿ ಬಾಲ ಆಡಿಸ್ತದೆ. ಸ್ಪೀಡ್ ಹೋದ್ರೆ ಗಾಡೀನೇ ತಿರುಗ್ಸಿ ಹಾಕ್ತದೆ."

ಐದನೆಯ ದಿನ ಶಾಮಿಯಾನದವರ ಡೀಸೆಲ್ ಪಿಕಪ್ ತಂದೆವು. ಅದಕ್ಕೆ ಕೊಕ್ಕೆ ಮೊದಲೇ ಇತ್ತು. ಹಿಂದೆ ಒಂದಿಷ್ಟು ಹಿಂಡಿ ಚೀಲವನ್ನೂ ತುಂಬಿ ನಲ್ಲೂರಿನ ಕಡೆ ಹೊರಟೆವು. ನಾನು ಚಾಲಕರ ಪಕ್ಕ ನೋಟ್‌ಬುಕ್ ಹಿಡಿದು ಕೂತಿದ್ದೆ. ಏರಿನಲ್ಲಿ ಡೀಸೆಲ್ ಗಾಡಿ ಅಧ್ಯಕ್ಷರ ಮಾತು ಉಳಿಸಿತು. ಎರಡನೇ ಗೇರಿನಲ್ಲಿ ಗೊಣಗದೆ ಹತ್ತಿತು. ಬೈಕಿನಲ್ಲಿ ಹಿಂದೆ ಬರುತ್ತಿದ್ದ ಅಧ್ಯಕ್ಷರು ಪಕ್ಕಕ್ಕೆ ಬಂದು ಹೆಬ್ಬೆರಳು ತೋರಿಸಿದರು.

ಕೆರೆ ಏರಿಯಿಂದ ಇಳಿಯುವಾಗ ಮುಂದೆ ಒಂದು ಎಮ್ಮೆ ಅಡ್ಡ ಬಂತು. ಚಾಲಕರು ಬ್ರೇಕ್ ಒತ್ತಿದರು. ಗಾಡಿ ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಹಿಂದಿನಿಂದ ಯಾರೋ ಭುಜ ಕೊಟ್ಟು ತಳ್ಳಿದಂತೆ ಜಾರಿ ಜಾರಿ ಇಪ್ಪತ್ತು ಅಡಿ ಮುಂದೆ ಹೋಗಿ, ಎಡಕ್ಕೆ ವಾಲಿ ನಿಂತಿತು. ಎಮ್ಮೆ ಅವಸರವಿಲ್ಲದೆ ದಾಟಿತು. ಚಾಲಕರು ಸ್ಟೇರಿಂಗ್ ಮೇಲಿನ ಕೈ ತೆಗೆಯದೆ ಕೂತಿದ್ದರು.

"ಮೇಡಂ, ಎಳೆಯೋಕೆ ಯಾವ್ದಾದ್ರೂ ಎಳೀತದೆ. ನಿಲ್ಸೋರು ಯಾರು? ಟ್ರೈಲರಿಗೆ ಬ್ರೇಕೇ ಇಲ್ಲ. ಹತ್ತು ದಿನ ಆಯ್ತು, ಡೀಸೆಲ್ಲು ಗ್ಯಾಸು ಅಂತ ಬಡ್ಕೋತಾವ್ರೆ. ಒಬ್ರಾದ್ರೂ ಬ್ರೇಕು ಅಂದ್ರಾ?"

ಹತ್ತು ದಿನವಲ್ಲ, ಐದೇ ದಿನ ಆಗಿದ್ದದ್ದು. ತಿದ್ದಲು ಹೋಗಲಿಲ್ಲ. ನಾನೂ ಬ್ರೇಕು ಅಂದಿರಲಿಲ್ಲ.

ಯಂತ್ರವನ್ನು ಅಲ್ಲಿಂದಲೇ ಹಿಂದಕ್ಕೆ ತಿರುಗಿಸಿ, ಬೈಕ್ ನಿಲ್ಲಿಸಿ ಬಂದ ಅಧ್ಯಕ್ಷರಿಗೆ ಬ್ರೇಕಿನ ಮಾತು ಹೇಳಿದೆ. "ಎಮ್ಮೆ ಯಾವಾಗ್ಲೂ ಬರ್ತದೇನಮ್ಮ?" ಅಂದರು.

ನಲ್ಲೂರಿನ ಸದಸ್ಯೆ ಆ ಸಂಜೆ ಫೋನ್ ಮಾಡಿದರು. "ಹಾಲು ಕಟ್ತಾ ಐತೆ ಕಣವ್ವ. ಉಗುರಲ್ಲಿ ಚಿವುಟಿ ನೋಡ್ದೆ. ಮಿಷನ್ ಯಾವತ್ತು ಬತ್ತದೆ?" ಗಾಡಿ ನೋಡುತ್ತಿದ್ದೇವೆ ಎಂದೆ. "ಮದ್ವೆ ಗಂಡು ನೋಡೋಕ್ಕೂ ಇಷ್ಟು ದಿನ ಹಿಡೀಲಿಲ್ಲ ನಮ್ಗೆ," ಅಂದು ಇಟ್ಟರು.

ಏಳನೆಯ ದಿನ ಗ್ಯಾಸ್ ಗಾಡಿಯ ಸರದಿ. ನಿರ್ದೇಶಕರ ಭಾಮೈದ ತನ್ನ ಪಿಕಪ್ ತಂದ. ಅದಕ್ಕೆ ಕೊಕ್ಕೆ ಇರಲಿಲ್ಲ. ನಾನು ಕಚೇರಿಯಲ್ಲಿ ಒಂದು ಪತ್ರ ಮುಗಿಸಿ ಬರುವಷ್ಟರಲ್ಲಿ ನಿರ್ದೇಶಕರು ಗಾಡಿಯನ್ನು ಅದೇ ವೆಲ್ಡಿಂಗ್ ಅಂಗಡಿಯ ಮುಂದೆ ನಿಲ್ಲಿಸಿದ್ದರು. ವೆಲ್ಡರು ಗಾಡಿಯ ಕೆಳಗೆ ಮಲಗಿ, ಗ್ಯಾಸ್ ಸಿಲಿಂಡರಿನ ಒಂದು ಗೇಣು ದೂರದಲ್ಲಿ ಕೊಕ್ಕೆ ಬೆಸೆಯಲು ಕಡ್ಡಿ ಹಿಡಿದಿದ್ದರು. ಚಾಲಕರು ಓಡಿ ಹೋಗಿ ಅವರ ಕಾಲು ಹಿಡಿದು ಆಚೆ ಎಳೆದರು.

"ಲೇ, ತಲೆ ನೆಟ್ಟಗೈತಾ? ಮೇಲೆ ಗ್ಯಾಸ್ ಐತೆ, ಕೆಳಗೆ ಬೆಂಕಿ ಹಚ್ತಾ ಇದ್ದೀಯ!"

"ಹಸಿ ಗೋಣಿ ಮುಚ್ಚಿದ್ದೀನಲ್ಲ ಗುರು," ಅಂದರು ವೆಲ್ಡರು. ನಿಜ, ಸಿಲಿಂಡರಿನ ಮೇಲೆ ಒಂದು ಒದ್ದೆ ಗೋಣಿಚೀಲ ಹೊದಿಸಿದ್ದರು.

ಅಂದು ನಾನು ಕೂಗಾಡಿದೆ. ಕಚೇರಿಗೆ ಸೇರಿದಾಗಿನಿಂದ ಅಷ್ಟು ಜೋರಾಗಿ ಮಾತಾಡಿರಲಿಲ್ಲ. ನಿರ್ದೇಶಕರು "ಏನಾಯ್ತು ಈಗ, ಏನೂ ಆಗ್ಲಿಲ್ವಲ್ಲ" ಅಂದರು. ಕೊನೆಗೆ ಬೆಂಕಿ ಇಲ್ಲದೆ ಬೋಲ್ಟ್ ಹಾಕಿ ಕೊಕ್ಕೆ ಕೂರಿಸಿದ್ದಾಯಿತು. ಗ್ಯಾಸ್ ತುಂಬಿಸಲು ಬಾಶೆಟ್ಟಿಹಳ್ಳಿ ದಾರಿಯ ಬಂಕಿಗೆ ಹೋದರೆ ಶಿಫ್ಟ್ ಬಿಟ್ಟ ಹೊತ್ತು. ಆಟೋಗಳು, ಕಾರ್ಖಾನೆ ಕ್ಯಾಬುಗಳು ರಸ್ತೆಯವರೆಗೆ ಸಾಲು. ನಮ್ಮ ಸರದಿ ಬಂದಾಗ ಒತ್ತಡ ಕಮ್ಮಿ ಆಗಿದೆ, ಅರ್ಧವೇ ತುಂಬುತ್ತದೆ ಅಂದರು. ಅಂದು ಯಂತ್ರ ಎಳೆಯಲಾಗಲಿಲ್ಲ.

ಮಾರನೆಯ ದಿನ ಎಳೆಸಿದೆವು. ಸಪಾಟು ರಸ್ತೆಯಲ್ಲಿ ಸುಮ್ಮನೆ ಬಂತು. ಕೆರೆ ಏರಿಯ ಏರಿನಲ್ಲಿ ಮೊದಲನೇ ಗೇರಿಗೆ ಇಳಿಯಿತು, ಆಮೇಲೆ ಕ್ಲಚ್ ಸುಟ್ಟ ವಾಸನೆ ಬಂತು.

"ಗ್ಯಾಸಲ್ಲಿ ಎಳೀಲಿಲ್ಲ ಅಂದ್ರೆ ಪೆಟ್ರೋಲಿಗೆ ಹಾಕ್ಕೊಳಯ್ಯ," ಅಂತ ನಿರ್ದೇಶಕರು ಕಿಟಕಿಯಲ್ಲಿ ತಲೆ ಹಾಕಿ ಹೇಳಿದರು. ಆ ಗಾಡಿಯಲ್ಲಿ ಗ್ಯಾಸ್ ಮುಗಿದಾಗ ಬಂಕ್ ತಲುಪಲಿ ಅಂತ ನಾಲ್ಕೈದು ಲೀಟರಿನ ಪೆಟ್ರೋಲ್ ಟ್ಯಾಂಕ್ ಇರುತ್ತದೆ.

"ಹಂಗಾದ್ರೆ ಇದನ್ನ ಗ್ಯಾಸ್ ಗಾಡಿ ಅಂತ ಯಾಕಣ್ಣ ಕರೀಬೇಕು?" ಅಂದರು ಚಾಲಕರು.

ಹೇಗೋ ಎಳೆದುಕೊಂಡು ನಲ್ಲೂರಿನ ಹುಣಸೆ ಮರಗಳನ್ನು ದಾಟಿ ಆ ಸದಸ್ಯೆಯ ಹೊಲದ ಬದುವಿಗೆ ತಂದು ನಿಲ್ಲಿಸಿದೆವು. ಟ್ರೈಲರಿನ ಹಿಂದಿನ ತಗಡು ನೆಲಕ್ಕೆ ತಾಗಿ ದಾರಿಯುದ್ದಕ್ಕೂ ಗೀರು ಎಳೆದಿತ್ತು. ಹೊಲದಲ್ಲಿ ಅವರ ಮೈದುನನ ಟ್ರಾಕ್ಟರ್ ನಿಂತಿತ್ತು. ಯಂತ್ರ ಬರುತ್ತದೆಂದು ಸುದ್ದಿ ಕೇಳಿ, ಶಾಫ್ಟ್ ತಿರುಗಿಸಲು ಬೆಳಿಗ್ಗೆಯೇ ತಂದು ನಿಲ್ಲಿಸಿದ್ದರು. ಇವತ್ತು ಬರೀ ಪರೀಕ್ಷೆ, ಕೊಯ್ಲು ಅಲ್ಲ, ಚೀಲವನ್ನೂ ತಂದಿಲ್ಲ ಎಂದು ನಾನು ವಿವರಿಸಿದೆ. ಆಕೆ ಸೊಂಟಕ್ಕೆ ಕೈಯಿಟ್ಟು ಗಾಡಿಯನ್ನೂ ನೋಡಿದರು, ಟ್ರಾಕ್ಟರನ್ನೂ ನೋಡಿದರು.

"ಅಲ್ಲ ಕಣವ್ವ, ಇದು ಇಲ್ಲೇ ನಿಂತಿತ್ತಲ್ಲ. ಹೋಗಿ ಎಳ್ಕಂಡು ಬಾ ಅಂತ ಮೈದ್ನಂಗೆ ಅಂದಿದ್ರೆ ಬೆಳಿಗ್ಗೆ ಹಾಲು ಕರೆಯೋದ್ರೊಳಗೆ ತತ್ತಿದ್ದ."

ಹಿಂದಿನ ವರ್ಷದ ಜಗಳ, ನಿರ್ಣಯ ಎಲ್ಲ ಹೇಳಿದೆ.

"ಅವ್ನ ಕೈಗೆ ಕೊಟ್ಟು ಕಳಿಸಿದ್ರಿ, ಅವ್ನು ಇಟ್ಕಂಡ. ನಾವು ಮುಯ್ಯಾಳಿಗೆ ಹಂಗಾ ಮಾಡ್ತೀವಿ? ಯಾರ ಹೊಲಕ್ಕೆ ಆಳು ಬೇಕೋ ಅವ್ರೇ ಬಂದು ಬಾಗ್ಲಲ್ಲಿ ನಿಂತು ಕರ್ಕಂಡು ಹೋಗೋದು. ಬಾಗ್ಲಲ್ಲಿ ನಿಂತಿರೋರ ಮುಂದೆ ಯಾರು ಇಟ್ಕತಾರೆ?"

ನಾನು ಬದುವಿನ ಮೇಲೆ ಕೂತುಬಿಟ್ಟೆ. ಒಬ್ಬರ ಹೊಲಕ್ಕೆ ಒಬ್ಬರು ಹೋಗಿ ದುಡಿದು ತೀರಿಸುವ ಮುಯ್ಯಿ ನನಗೆ ಗೊತ್ತಿಲ್ಲದ ವಿಷಯವೇನಲ್ಲ. ನನ್ನ ಅವ್ವ ಕಾಲೇಜಿನ ರಜೆಯಲ್ಲಿ ನನ್ನನ್ನು ರಾಗಿ ಕೊಯ್ಲಿಗೆ ಮುಯ್ಯಿಗೆ ಕಳಿಸಿದ್ದರು. ಯಂತ್ರ ಕೆಲಸ ಮಾಡಬೇಕಾದರೆ ಪ್ರತಿ ಹೊಲದಲ್ಲೂ ಒಂದು ಟ್ರಾಕ್ಟರ್ ಹೇಗೂ ಬಂದು ನಿಂತೇ ನಿಲ್ಲುತ್ತದೆ. ಆರೂ ಊರಿನಲ್ಲಿ ಟ್ರಾಕ್ಟರ್ ಇದೆ. ನಿಧಾನವಾಗಿ ಹೋಗುತ್ತದೆ, ಭಾರ ಎಳೆಯಲೆಂದೇ ಹುಟ್ಟಿದೆ, ತೂಕ ಹೆಚ್ಚಿರುವುದರಿಂದ ಟ್ರೈಲರ್ ಅದನ್ನು ತಳ್ಳಲಾರದು. ಎಂಟು ದಿನ ಎರಡು ಎಂಜಿನ್ನುಗಳನ್ನು ಹೋಲಿಸಿ ನೋಟ್‌ಬುಕ್ ತುಂಬಿಸಿದ್ದೆ. ಮೂರನೆಯದು ಕಣ್ಣ ಮುಂದೆ ನಿಂತಿದ್ದರೂ ಅದು ಹೊಲದ ಲೆಕ್ಕಕ್ಕೆ ಸೇರಿದ್ದು, ಗಾಡಿಯ ಲೆಕ್ಕಕ್ಕಲ್ಲ ಅಂತ ಬಿಟ್ಟಿದ್ದೆ. ಓದಿದವಳು ನಾನು.

ಯಂತ್ರವನ್ನು ವಾಪಸು ತಂದು ಅಂದೇ ಸಭೆ ಕರೆದೆ. ಅಧ್ಯಕ್ಷರು ಮದುವೆಯೊಂದಕ್ಕೆ ಹೋಗಿದ್ದರು, ಮತ್ತೊಬ್ಬರಿಗೆ ನೆಂಟರು. ಸೇರುವಷ್ಟರಲ್ಲಿ ಇನ್ನೂ ಮೂರು ದಿನ.

ಹನ್ನೊಂದನೆಯ ದಿನದ ಸಭೆಯಲ್ಲಿ ನನ್ನ ವರದಿ ಒಂದೇ ಪುಟ. ಗ್ಯಾಸ್ ಗಾಡಿ ಕೊಳ್ಳುವುದು, ಕೊಕ್ಕೆ ಹಾಕಿಸಕೂಡದು. ಯಂತ್ರವನ್ನು ಟ್ರಾಕ್ಟರ್ ಎಳೆಯುವುದು, ಮುಂದಿನ ಊರಿನವರೇ ಬಂದು ಒಯ್ಯುವುದು. ಹಿಂದೆ ಬೆಸೆದ ತಗಡು, ಮೆಟ್ಟಿಲು ಕತ್ತರಿಸಿ ತೆಗೆಯುವುದು.

"ಗ್ಯಾಸಾ?" ಅಂದರು ಅಧ್ಯಕ್ಷರು. "ಕೆರೆ ಏರಿ ಹತ್ಲಿಲ್ಲ ಅಂತ ನೀನೇ ಬರ್ದಿದ್ದೀಯ."

"ಅದು ಯಂತ್ರ ಕಟ್ಟಿದಾಗ ಅಣ್ಣ. ಹಿಂಡಿ ಚೀಲಕ್ಕೆ ಸಾಕು. ತಿಂಗಳಲ್ಲಿ ಇಪ್ಪತ್ತಾರು ದಿನ ಅದು ಮಾಡೋ ಕೆಲಸ ಹಿಂಡಿ ಹಂಚೋದು. ಬಂಕಿಗೆ ಬೆಳಿಗ್ಗೆ ಬೇಗ ಹೋದರೆ ಸಾಲೂ ಇರಲ್ಲ."

"ಡೀಸೆಲ್ ಆ ಕೆಲ್ಸ ಮಾಡಲ್ವಾ?"

ಉತ್ತರ ಕೊಟ್ಟವರು ಚಾಲಕರು. ಈಗಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಜರಡಿ ಇರುತ್ತದೆ. ಗಾಡಿ ಒಂದೇ ಸಮನೆ ವೇಗವಾಗಿ ಓಡಿದರೆ ಅದು ಕಾದು ಮಸಿ ಸುಟ್ಟುಹೋಗುತ್ತದೆ. ಎರಡು ಕಿಲೋಮೀಟರಿಗೊಮ್ಮೆ ನಿಂತರೆ ಜರಡಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ. "ಹಳೇ ಕೆಲ್ಸದಲ್ಲಿ ಅಂಥ ಗಾಡಿ ಇತ್ತಣ್ಣ. ಮೂರು ದಿನಕ್ಕೊಂದ್ಸಲ ಖಾಲಿ ಗಾಡೀನ ಹೈವೇಗೆ ಕರ್ಕೊಂಡ್ಹೋಗಿ ವಾಕಿಂಗ್ ಮಾಡಿಸ್ಕೊಂಡು ಬರ್ತಿದ್ದೆ."

ಎಲ್ಲರಿಗೂ ನಗು ಬಂತು. ಅಧ್ಯಕ್ಷರಿಗೆ ಬರಲಿಲ್ಲ. "ಹೋದ್ವರ್ಷ ಟ್ರಾಕ್ಟರ್ ಕೊಟ್ಟು ಆಗಿದ್ದು ಮರ್ತೋಯ್ತಾ?" ಅಂದರು. ಮುಯ್ಯಾಳಿನ ವಿಚಾರ ಹೇಳಿದೆ. ಕೊಯ್ಲು ಮುಗಿಸಿದವನ ಕೈಯಲ್ಲಿ ಯಂತ್ರ ಉಳಿಯುವುದಿಲ್ಲ, ಬೇಕಾದವನು ಬದುವಿನಲ್ಲಿ ಬಂದು ನಿಂತಿರುತ್ತಾನೆ. ಅವರು "ಇದನ್ನ ಮೊದಲ್ನೇ ದಿನವೇ ಹೇಳೋದಲ್ವೇನಮ್ಮ, ಅಷ್ಟು ಓದಿದ್ದೀಯ" ಅಂದರು. ನನ್ನ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಮುರಿಯಿತು. ನಿರ್ಣಯ ಬರೆದೆ.

ತಗಡು ಕತ್ತರಿಸುವಾಗ ವೆಲ್ಡರು ಬಹಳ ಬೇಜಾರು ಮಾಡಿಕೊಂಡರು. ಹದಿಮೂರನೆಯ ದಿನ ಯಂತ್ರ ನಲ್ಲೂರಿಗೆ ಹೋಯಿತು, ಆ ಸದಸ್ಯೆಯ ಮೈದುನನೇ ಬಂದು ಒಯ್ದ. ಆಕೆ ಕಾಳು ಚಿವುಟಿ ನನ್ನ ಅಂಗೈಗೆ ಹಾಲು ಹಿಂಡಿ ತೋರಿಸಿದರು. ಸಂಜೆಯೊಳಗೆ ಚೀಲಗಳು ಕೊಟ್ಟಿಗೆಯ ಪಕ್ಕ ಗೋಡೆಯಂತೆ ನಿಂತವು. ಮರುದಿನ ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ಮುಂದಿನ ಊರಿನ ಟ್ರಾಕ್ಟರ್ ಬದುವಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಹಾಗೆ ಐದು ಊರು ಮುಗಿಯಿತು. ಒಂದು ಜಗಳವೂ ಕಚೇರಿಗೆ ಬರಲಿಲ್ಲ.

ಆರನೆಯದು ಬೂದಿಗೆರೆ. ಸಾಲಿನಲ್ಲಿ ಕೊನೆ. ಯಂತ್ರ ಅಲ್ಲಿಗೆ ಮುಟ್ಟುವ ಹೊತ್ತಿಗೆ ಇಬ್ಬರು ಸದಸ್ಯರ ಹೊಲದಲ್ಲಿ ಎಲೆ ಕೆಳಗಿನಿಂದ ಹಳದಿಯಾಗಿತ್ತು. ಕಾಳಿಗೆ ಉಗುರು ಊರಿದರೆ ಇಳಿಯಲಿಲ್ಲ. ಆದರೂ ಒಂದು ಚೀಲ ಒತ್ತಿ ನೋಡಿದೆವು. ಸ್ಪಂಜಿನಂತೆ ಉಬ್ಬಿ ನಿಂತಿತು. ಕಟ್ಟಬೇಡಿ, ಕೆಡುತ್ತದೆ ಎಂದು ನಾನೇ ಹೇಳಬೇಕಾಯಿತು. ಬಿತ್ತಿ ಎಂದು ಹೇಳಿದವಳೂ ನಾನೇ ಆಗಿದ್ದರಿಂದ, ಫೋನಿನಲ್ಲಿ ಹೇಳದೆ ಹೊಲಕ್ಕೇ ಹೋಗಿದ್ದೆ.

ಇಬ್ಬರಲ್ಲಿ ಒಬ್ಬರು ಬದು ಹತ್ತಿ ಹೊರಟುಹೋದರು. ಇನ್ನೊಬ್ಬರು ಒಂದು ತೆನೆ ಮುರಿದು ಸಿಪ್ಪೆ ಸುಲಿಯುತ್ತಾ ನಿಂತರು.

"ಡೀಸೆಲ್ ಗಾಡಿ ತಗೊಂಡಿದ್ರೆ ಟೈಮಿಗೆ ಬರ್ತಿತ್ತಾ ಮೇಡಂ? ನಮ್ಮೂರಲ್ಲೆಲ್ಲ ಹಂಗೇ ಮಾತಾಡ್ತಾವ್ರೆ."

ಹೌದು ಅಂದಿದ್ದರೆ ಅವರಿಗೆ ಬೈಯಲು ಒಂದು ಗಾಡಿ ಸಿಗುತ್ತಿತ್ತು, ನನಗೂ ಸುಲಭವಾಗುತ್ತಿತ್ತು.

"ಇಲ್ಲಣ್ಣ," ಅಂದೆ. "ಯಾವ ಗಾಡಿ ತಗೊಂಡಿದ್ರೂ ಬರ್ತಿರಲಿಲ್ಲ. ನಾವು ಹನ್ನೊಂದು ದಿನ ಬರೀ ಮಾತಲ್ಲೇ ಕಳೀದೆ ಇದ್ದಿದ್ರೆ ಬರ್ತಿತ್ತು."

ಅವರು ತೆನೆಯನ್ನು ತಿರುಗಿಸಿ ನೋಡಿದರು. ಹಳದಿ ಕಾಳು, ಗಾಜಿನಂತೆ ಗಟ್ಟಿ.

"ಮುಂದಿನ ಸಲ ನಮ್ಮೂರಿಂದ ಶುರು ಮಾಡ್ಬೇಕು," ಅಂದರು.

"ಮಾಡ್ತೀನಿ," ಅಂದೆ. ಇದಕ್ಕೆ ಯಾರನ್ನೂ ಕೇಳಲಿಲ್ಲ.